ಮಾತ್ರೆ ಶುರುವಾಯಿತು, ಮುಂದೇನು?

ಶಿರಸಿ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಡಿಕೆ ಸುಲಿಯುವ ಕಾಲ. ಅಂಗಳದಲ್ಲಿ ಏಳೆಂಟು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದಾರೆ, ಸಿಪ್ಪೆಯ ರಾಶಿ ಮೊಣಕಾಲೆತ್ತರ ಬೆಳೆದಿದೆ, ಯಾರದೋ ಮನೆಯ ಮದುವೆ ಮಾತು ನಡೆದಿದೆ. ಒಳಗಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದ ಮಗ ಹೊದ್ದು ಮಲಗಿದ್ದಾನೆ. ಆರು ತಿಂಗಳ ಹಿಂದೆ ಅವನಿಗೆ ಯಾರೂ ಇಲ್ಲದ ಕಡೆಯಿಂದ ದನಿ ಕೇಳುತ್ತಿತ್ತು. ಪಕ್ಕದ ತೋಟದವರು ಊಟಕ್ಕೆ ವಿಷ ಹಾಕುತ್ತಾರೆಂದು ರಾತ್ರಿಯಿಡೀ ಎಚ್ಚರವಿರುತ್ತಿದ್ದ. ಈಗ ಅದೆಲ್ಲ ಇಲ್ಲ, ಮಾತ್ರೆ ಕೆಲಸ ಮಾಡಿದೆ. ಆದರೆ ಹನ್ನೊಂದಕ್ಕೆ ಎದ್ದು ಚಾ ಕುಡಿದವನು ಮತ್ತೆ ಹೋಗಿ ಮಲಗುತ್ತಾನೆ. ಸ್ನಾನ ಮಾಡಿ ಮೂರು ದಿನವಾಯಿತು. ಆಯಿ ಪ್ರತಿ ಸಲವೂ ಡಾಕ್ಟರ ಮುಂದೆ ಹೇಳುವುದು ಇಷ್ಟೇ: “ಆರಾಮಿದ್ದಾನೆ ಡಾಕ್ಟ್ರೇ, ಆದ್ರೆ ಎಂತದೂ ಮಾಡೋದಿಲ್ಲ.”

ಕಾಯಿಲೆ ಇಳಿದವರು ಮತ್ತೆ ಕೆಲಸಕ್ಕೆ, ಜನರ ನಡುವಿಗೆ ಮರಳಲು ನೆರವಾಗುವ, ಮನೋಸಾಮಾಜಿಕ ಪುನರ್ವಸತಿ ಎಂಬ ಉದ್ದನೆಯ ಹೆಸರಿನ ಕೆಲಸ ಹುಟ್ಟುವುದು ಈ “ಆದ್ರೆ”ಯಲ್ಲಿ.

ಪುನರ್ವಸತಿ ಎಂಬ ಪದವನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಳಿ ನದಿಯ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ಎತ್ತಂಗಡಿಯಾದವರ ಊರು ಇದು. ಸೀಬರ್ಡಿಗೆ ಜಾಗ ಬಿಟ್ಟ ಮೀನುಗಾರರಿಗೆ ನಿವೇಶನ ಸಿಕ್ಕಿತು, ಕಾಲೊನಿಗೆ ಬೋರ್ಡು ಬಂತು. ಆದರೆ ದಡದಲ್ಲಿ ದೋಣಿ ಎಳೆದಿಟ್ಟು ಮನೆಯ ಬಾಗಿಲಲ್ಲೇ ಬಲೆ ಒಣಗಿಸುತ್ತಿದ್ದವರಿಗೆ ಸೈಟಿನ ಅಳತೆಯಷ್ಟರಲ್ಲೇ ಹಳೆಯ ಬದುಕು ಮರಳಿ ಬರುವುದಿಲ್ಲ ಎಂಬುದು ಕಾರವಾರ, ಅಂಕೋಲಾದ ಯಾರಿಗಾದರೂ ಗೊತ್ತು. ತೀವ್ರ ಮಾನಸಿಕ ಕಾಯಿಲೆಯೂ ಮನುಷ್ಯನನ್ನು ಹೀಗೇ ಎತ್ತಂಗಡಿ ಮಾಡುತ್ತದೆ. ಓದು ನಿಲ್ಲುತ್ತದೆ, ಕೆಲಸ ಹೋಗುತ್ತದೆ, ಗೆಳೆಯರು ಫೋನು ಮಾಡುವುದು ಬಿಡುತ್ತಾರೆ, ಮನೆಯೊಳಗೇ ಇದ್ದವನ ಮಾತು ಲೆಕ್ಕಕ್ಕಿಲ್ಲದಂತಾಗುತ್ತದೆ. ಮಾತ್ರೆಯಿಂದ ಸಿಗುವುದು ನಿವೇಶನ. ಅದಿಲ್ಲದೆ ಏನೂ ಕಟ್ಟಲಾಗದು, ನಿಜ. ಕಟ್ಟುವ ಕೆಲಸ ಮಾತ್ರ ಬೇರೆಯೇ ಇದೆ.

ತೀವ್ರ ಕಾಯಿಲೆ ಎಂದರೆ ಇಲ್ಲಿ ಮುಖ್ಯವಾಗಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ ಮತ್ತು ವಾಸ್ತವದ ಹಿಡಿತವೇ ತಪ್ಪುವಷ್ಟು ಗಾಢವಾದ ಖಿನ್ನತೆ. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 0.8ರಷ್ಟು ಜನ ಆ ಹೊತ್ತಿಗೆ ಇಂಥ ಕಾಯಿಲೆಯಲ್ಲಿದ್ದರು. ಜೀವಮಾನದಲ್ಲಿ ಯಾವಾಗಲಾದರೂ ಅನುಭವಿಸಿದವರು ಶೇ 1.9. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ವಯಸ್ಕರು ಹತ್ತು ಲಕ್ಷ ಎಂದು ಹಿಡಿದು ಅದೇ ಪ್ರಮಾಣ ಹಾಕಿದರೆ ಎಂಟು ಸಾವಿರ ಜನವಾಯಿತು. ಇದು ಕೈಬೆರಳ ಲೆಕ್ಕವಷ್ಟೇ. ಆದರೂ ನಿಮ್ಮ ಊರಿನಲ್ಲಿ, ಬಹುಶಃ ನಿಮ್ಮ ಕೇರಿಯಲ್ಲೇ, ಒಬ್ಬರಿದ್ದಾರೆ ಎಂದು ತಿಳಿಯಲು ಸಾಕು.

ಈಗ ಮಲಗಿದ ಮಗನ ಹತ್ತಿರ ಬರೋಣ. ಎಲ್ಲರೂ ಎಡವುವುದು ಅಲ್ಲಿಯೇ.

ಸ್ಕಿಜೋಫ್ರೇನಿಯಾದ ಲಕ್ಷಣಗಳಲ್ಲಿ ಕೂಡಿದ್ದೂ ಇದೆ, ಕಳೆದದ್ದೂ ಇದೆ. ಇಲ್ಲದ ದನಿ ಕೇಳುವುದು, ಇಲ್ಲದ ಸಂಚು ಕಾಣುವುದು ಕೂಡಿದ ಲಕ್ಷಣ. ಡಾಕ್ಟರರು ಪಾಸಿಟಿವ್ ಎನ್ನುವುದು ಇದಕ್ಕೆ. ಕೇಳಿದವರು “ಪಾಸಿಟಿವ್ ಅಂದ್ರೆ ಒಳ್ಳೇದಲ್ವಾ?” ಎಂದು ಗೊಂದಲಪಡುವುದೂ ಉಂಟು. ಮೊದಲು ಇದ್ದ ಉಮೇದು, ಮಾತು, ಮುಖದ ಮೇಲಿನ ನಗು, ನಾಲ್ಕು ಜನರ ಜೊತೆ ಕೂರುವ ಆಸೆ ಇಲ್ಲವಾಗುವುದು ಕಳೆದ ಲಕ್ಷಣ, ಅಂದರೆ ನೆಗೆಟಿವ್. ಈಗಿರುವ ಹೆಚ್ಚಿನ ಮಾತ್ರೆಗಳು ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಹಾವಳಿಯನ್ನು ತಗ್ಗಿಸಿ, ಕೂಡಿದ್ದನ್ನು ಚೆನ್ನಾಗಿ ಇಳಿಸುತ್ತವೆ. ಕಳೆದದ್ದನ್ನು ಮರಳಿ ತರುವಲ್ಲಿ ಅವುಗಳ ಕೈ ಗಿಡ್ಡ. ಹಾಗಾಗಿ ಗಲಾಟೆ ನಿಂತ ಮನೆಯಲ್ಲಿ ಒಂದು ವಿಚಿತ್ರ ಮೌನ ಉಳಿಯುತ್ತದೆ. ಅದಕ್ಕೆ ಊರವರು ಇಡುವ ಹೆಸರು ಸೋಮಾರಿತನ. “ಕಾಯಿಲೆ ಗುಣ ಆಯ್ತು, ಈಗ ಬರೀ ಆಲಸ್ಯ” ಎಂಬಷ್ಟು ಅನ್ಯಾಯದ ಮಾತನ್ನು ನಾನು ಬೇರೆ ಕಂಡಿಲ್ಲ. ಜ್ವರ ಬಿಟ್ಟವನ ನಿತ್ರಾಣವನ್ನು ಅರ್ಥ ಮಾಡಿಕೊಂಡು ಗಂಜಿ ಬೇಯಿಸಿ ಕೊಡುವ ಅದೇ ಜನ ಇಲ್ಲಿ ಮಾತ್ರ ಕಟುಕರಾಗುತ್ತಾರೆ.

ಮೂರನೆಯದು ಇನ್ನೂ ಸೂಕ್ಷ್ಮ. ಗಮನ, ನೆನಪು, ಕೆಲಸವನ್ನು ಸರದಿಯಲ್ಲಿ ಜೋಡಿಸಿಕೊಳ್ಳುವ ಶಕ್ತಿಗೂ ಪೆಟ್ಟು ಬಿದ್ದಿರುತ್ತದೆ. “ಹಾಲು ಡೇರಿಗೆ ಕೊಟ್ಟು, ಸೊಸೈಟಿಯಲ್ಲಿ ಅಕ್ಕಿ ತಗೊಂಡು, ಬರುವಾಗ ಕತ್ತಿ ಮಸೆಸಿಕೊಂಡು ಬಾ” ಎಂದರೆ ಅವನು ಹಾಲು ಕೊಟ್ಟು ಅಲ್ಲೇ ನಿಂತುಬಿಡಬಹುದು. ಉದ್ಧಟತನವಲ್ಲ, ಉಳಿದೆರಡು ಮಾತು ಜಾರಿಹೋಗಿವೆ. ಹಾಗೆಯೇ ಇನ್ನೊಬ್ಬರ ಮುಖ ಓದುವುದೂ ಕಷ್ಟ. ಅಂಗಳದಲ್ಲಿ ಮದುವೆ ಮಾತಿಗೆ ಎಲ್ಲರೂ ಹೋ ಎಂದು ನಕ್ಕರೆ ಒಳಗಿದ್ದವನಿಗೆ ಅದು ತನ್ನ ಮೇಲೆ ಬಿದ್ದ ನಗು.

ಇಷ್ಟು ಗೊತ್ತಾದರೆ ಪುನರ್ವಸತಿಯ ಮೊದಲ ಪಾಠ ತಾನಾಗಿ ಹೊಳೆಯುತ್ತದೆ: ಕೆಲಸವನ್ನು ಹೋಳು ಮಾಡಿ ಕೊಡಬೇಕು. “ಏಳಾ ತಮಾ, ಸುಲಿಯೂಲೆ ಬಾ” ಎಂದರೆ ಅದು ಒಂದು ಕೆಲಸವಲ್ಲ, ಹತ್ತು ಕೆಲಸ. ಮೊದಲ ವಾರ ಚಾದ ಲೋಟ ಕೋಣೆಗೆ ಹೋಗುವುದು ಬೇಡ, ಅಂಗಳದ ಕಟ್ಟೆಗೆ ಬರಲಿ. ಅವನೂ ಅಲ್ಲಿಗೆ ಬಂದು ಕುಡಿಯುತ್ತಾನೆ, ಅಷ್ಟೇ. ಆಮೇಲೆ ಹತ್ತು ನಿಮಿಷ ಕೂರುವುದು. ಆಮೇಲೆ ಸುಲಿದ ಅಡಿಕೆಯಲ್ಲಿ ಒಡೆದದ್ದನ್ನು ಬೇರೆ ಮಾಡುವುದು. ಮೆಟ್ಟುಗತ್ತಿ ಸದ್ಯಕ್ಕೆ ಬೇಡ. ಮಾತ್ರೆಯಿಂದ ಮಂಪರೋ ಕೈನಡುಕವೋ ಇದ್ದರೆ ಅಲಗಿನ ಮುಂದೆ ಕೂರಿಸುವುದು ಸರಿಯಲ್ಲ, ಮೊದಲು ಡಾಕ್ಟರಿಗೆ ಹೇಳಿ ಪ್ರಮಾಣ ಸರಿಮಾಡಿಸಬೇಕು. ಕೊನೆಗೌಡನ ಕೆಲಸ ಗೊತ್ತಿದ್ದವನಾದರೂ ಡಾಕ್ಟರು ಹೂಂ ಎನ್ನುವವರೆಗೆ ಮರ ಹತ್ತಿಸಬಾರದು. ಅದು ಬಿಟ್ಟರೆ ಅಡಿಕೆ ಸುಲಿಯುವ ಅಂಗಳಕ್ಕಿಂತ ಒಳ್ಳೆಯ ತರಬೇತಿ ಕೇಂದ್ರವನ್ನು ಯಾವ ಇಲಾಖೆಯೂ ಕಟ್ಟಿಕೊಡಲಾರದು ಎಂದು ನನಗೆ ಅನ್ನಿಸುತ್ತದೆ. ಜನರ ನಡುವೆ ಇದ್ದೂ ಮಾತಾಡದೆ ಇರಬಹುದು. ನಮ್ಮ ವೇಗ ನಮ್ಮದು. ಸುಲಿದಷ್ಟು ಕಣ್ಣಿಗೆ ಕಾಣುತ್ತದೆ.

ಕೂಲಿಯನ್ನೂ ಕೊಡಬೇಕು. “ಮನೆಯವನಿಗೆ ಎಂತಾ ಕೂಲಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಕ್ಕದಲ್ಲಿ ಕೂತವರಿಗೆ ಕೊಟ್ಟ ಲೆಕ್ಕದಲ್ಲೇ ಅವನ ಕೈಗೂ ಹಾಕಿ, ಖರ್ಚು ಮಾಡುವುದು ಅವನಿಗೆ ಬಿಡಿ. ಎರಡು ವರ್ಷದಿಂದ ಬೀಡಿಗೂ ಅಪ್ಪಯ್ಯನ ಮುಂದೆ ಕೈಯೊಡ್ಡಿದವನಿಗೆ ಆ ನೂರು ರೂಪಾಯಿಯ ತೂಕ ಬೇರೆ. ಬೀಡಿ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ಬೀಡಿ, ಸಿಗರೇಟಿನ ಹೊಗೆ ಕ್ಲೋಜಪೀನ್, ಓಲಾಂಜಪೀನ್‌ನಂಥ ಔಷಧಗಳನ್ನು ದೇಹ ಬೇಗ ಕರಗಿಸುವಂತೆ ಮಾಡುತ್ತದೆ. ಸೇದುವುದನ್ನು ದಿಢೀರನೆ ಬಿಟ್ಟರೆ ಅದೇ ಮಾತ್ರೆಯ ಅಂಶ ರಕ್ತದಲ್ಲಿ ಏರುತ್ತದೆ. ಆದ್ದರಿಂದ ಬಿಡುವ ಮುಂಚೆ ಡಾಕ್ಟರಿಗೆ ಹೇಳಬೇಕು. ಕವಳ, ಅಂದರೆ ಎಲೆಯಡಿಕೆ, ವಿಪರೀತ ಹಾಕುವವರಲ್ಲಿ ಈ ಕಾಯಿಲೆಯ ಬೇರೆ ಕೆಲವು ಔಷಧಗಳ ಜೊತೆ ಮೈ ಬಿಗಿತ ಹೆಚ್ಚಾದ ವೈದ್ಯಕೀಯ ವರದಿಗಳೂ ಇವೆ. ಅಡಿಕೆ ಸೀಮೆಯಲ್ಲಿ ಇದನ್ನು ಹೇಳಿ ಬೈಸಿಕೊಳ್ಳುವುದು ಗ್ಯಾರಂಟಿ, ಆದರೂ ಹೇಳಬೇಕು.

ಘಟ್ಟ ಇಳಿದರೆ ಲೆಕ್ಕ ಬೇರೆ. ಬೈತಖೋಲದಲ್ಲೋ ತದಡಿಯಲ್ಲೋ ಬೋಟಿನ ಕೆಲಸಕ್ಕೆ ಹೋಗುತ್ತಿದ್ದವನಿಗೆ ಬೈಪೋಲಾರ್ ಬಂದಿದೆ ಎನ್ನಿ. ಕೆಲವು ತಿಂಗಳು ಆಕಾಶಕ್ಕೆ ಏಣಿ ಹಾಕುವ ಉತ್ಸಾಹ, ಸಾಲ, ಜಗಳ. ಇನ್ನು ಕೆಲವು ತಿಂಗಳು ಏಳಲಾರದ ಕತ್ತಲೆ. ಈ ಕಾಯಿಲೆಯವರಿಗೆ ನಿದ್ದೆಯೇ ಲಂಗರು. ನಿದ್ದೆ ಕೆಟ್ಟರೆ ಉನ್ಮಾದ ಕೆರಳಬಹುದು. ಆದ್ದರಿಂದ ರಾತ್ರಿಗಟ್ಟಲೆ ಎಚ್ಚರವಿರಬೇಕಾದ ಆಳಸಮುದ್ರದ ಟ್ರಿಪ್ಪಿಗಿಂತ ದಡದ ಕೆಲಸ ಒಳ್ಳೆಯದು: ಬಲೆ ದುರಸ್ತಿ, ಮಂಜುಗಡ್ಡೆ ತುಂಬುವುದು, ಮೀನು ವಿಂಗಡಿಸುವುದು. ಅವನು ಲಿಥಿಯಂ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕರಾವಳಿಯ ಬೇಸಿಗೆಯ ಬಗ್ಗೆಯೂ ಎಚ್ಚರ ಬೇಕು. ಬೆವರು ಹರಿದು ಮೈಯ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಲ್ಲದು. ವಾಂತಿ, ಭೇದಿಯಲ್ಲೂ ಅಷ್ಟೇ. ನೀರು ಕುಡಿಯುತ್ತಿರಬೇಕು, ಡಾಕ್ಟರು ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಬೇಕು. ಕೈ ವಿಪರೀತ ನಡುಗಿದರೆ, ನಡಿಗೆ ತೂರಾಡಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೇರೆಯವರಿಗೆ ಅದು ಬಲೆ ಸರಿಮಾಡಿಕೊಳ್ಳುವ ಬಿಡುವು. ದಿನಚರಿಯ ಆಸರೆಯಿಂದಲೇ ನೆಟ್ಟಗಿರುವವನಿಗೆ ಅದು ಖಾಲಿ ಬಿದ್ದ ಎರಡು ತಿಂಗಳು. ಮಳೆಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಬಸ್ಸು ನಿಲ್ಲುವುದೂ ನಮಗೆ ಹೊಸತಲ್ಲ. ಮಾತ್ರೆ ತಪ್ಪಿ ಕಾಯಿಲೆ ಮರುಕಳಿಸಲು ಅಷ್ಟು ಸಾಕು. ಮಳೆಗಾಲಕ್ಕೆಂದು ಕಟ್ಟಿಗೆ, ಹಪ್ಪಳ, ಒಣಮೀನು ಕೂಡಿಡುತ್ತೇವಲ್ಲ, ಆ ಪಟ್ಟಿಯಲ್ಲಿ ಮಾತ್ರೆಯೂ ಸೇರಬೇಕು. ದಿನಾ ಮಾತ್ರೆ ನುಂಗುವುದು ಕಷ್ಟವಾದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ನುಗಳಿವೆ. ಕೇಳಿ ನೋಡಬಹುದು.

ಹೆಂಗಸರ ವಿಷಯದಲ್ಲಿ ನಮ್ಮ ಅಳತೆಗೋಲೇ ಡೊಂಕು. ಪಾತ್ರೆ ತೊಳೆದಳು, ಅಡುಗೆ ಮಾಡಿದಳು ಎಂದರೆ “ಹುಷಾರಾದಳು” ಎಂದು ಫೈಲು ಮುಚ್ಚುತ್ತೇವೆ. ಅವಳು ಮೊದಲು ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು, ಗಿರಾಕಿಗಳ ಜೊತೆ ಜಗಳಾಡಿ ನಗುತ್ತಿದ್ದಳು, ಅದು ಅವಳಿಗೆ ಮರಳಿ ಬೇಕೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ದಾರಿ ಇದೆ. ಚಿಲ್ಲರೆ ಎಣಿಸುವುದು, ಚೌಕಾಶಿಗೆ ಸೊಪ್ಪು ಹಾಕದಿರುವುದು, ಬೇಸರದ ಮಾತು ಬಂದಾಗ ಮುಂದಿನ ಮನೆಗೆ ನಡೆಯುವುದು, ಇದನ್ನೆಲ್ಲ ಮನೆಯಲ್ಲೇ ಒಬ್ಬರು ಗಿರಾಕಿಯಾಗಿ ನಟಿಸಿ ಅಭ್ಯಾಸ ಮಾಡಿಸಬಹುದು. ಸಾಮಾಜಿಕ ಕೌಶಲ ತರಬೇತಿ ಎಂದು ಪುಸ್ತಕಗಳು ಹೇಳುವುದು ಇದನ್ನೇ. ಮೊದಲ ದಿನ ಎರಡೇ ಮನೆ, ಜೊತೆಗೆ ನಾದಿನಿ. ಹದಿನೈದು ದಿನದ ಮೇಲೆ ನಾದಿನಿ ರಸ್ತೆಯ ತಿರುವಿನಲ್ಲಿ ನಿಲ್ಲುತ್ತಾಳೆ.

ಮೊದಲು ಕಲಿಸಿ ಆಮೇಲೆ ಕೆಲಸಕ್ಕೆ ಹಚ್ಚಬೇಕೇ, ಅಥವಾ ಕೆಲಸಕ್ಕೆ ಹಚ್ಚಿ ಅಲ್ಲೇ ಆಸರೆ ಕೊಡಬೇಕೇ ಎಂಬುದು ಈ ಕ್ಷೇತ್ರದ ಹಳೆಯ ಜಗಳ. ಎಲ್ಲ ಕೇಂದ್ರಗಳಲ್ಲೂ ಕಾಣುವ ಮೇಣದ ಬತ್ತಿ, ಕಾಗದದ ಕವರು ಮೊದಲ ಪಂಗಡದ್ದು. ವರ್ಷಗಟ್ಟಲೆ ಮೇಣದ ಬತ್ತಿ ಮಾಡಿದವರು ಆಮೇಲೆ ಎಲ್ಲಿಗೆ ಹೋದರು ಎಂದು ಕೇಳಬಾರದು. 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಇನ್ನೊಂದು ಪದ್ಧತಿ ಇದನ್ನು ತಿರುಗಿಸಿತು: ಬಯಸಿದವರಿಗೆ ನೇರವಾಗಿ ಹೊರಗಿನ ನಿಜವಾದ ಕೆಲಸ ಹುಡುಕಿಕೊಡು, ಜೊತೆಗಿದ್ದು ಬೆಂಬಲಿಸು. ಹಲವು ದೇಶಗಳಲ್ಲಿ ಹೋಲಿಸಿ ನೋಡಿದಾಗ ಹೆಚ್ಚು ಜನ ಕೆಲಸದಲ್ಲಿ ನೆಲೆನಿಂತದ್ದು ಈ ಎರಡನೆಯ ದಾರಿಯಲ್ಲಿ. ಇದಕ್ಕೂ ಹಿಂದೆ, 1948ರಲ್ಲಿ, ನ್ಯೂಯಾರ್ಕಿನ ಫೌಂಟನ್ ಹೌಸ್‌ನಲ್ಲಿ ಆಸ್ಪತ್ರೆಯಿಂದ ಬಂದವರು ರೋಗಿಗಳಾಗಿ ಅಲ್ಲ, ಸದಸ್ಯರಾಗಿ ಕೂಡಿದರು. ಅಡುಗೆಯಿಂದ ಕಚೇರಿಯವರೆಗೆ ಮನೆ ನಡೆಸಿದ್ದು ಸಿಬ್ಬಂದಿ ಮತ್ತು ಸದಸ್ಯರು ಒಟ್ಟಾಗಿ.

ನಮಗೆ ಹತ್ತಿರದ ಪಾಠವೊಂದಿದೆ. ತಮಿಳುನಾಡು, ಮಹಾರಾಷ್ಟ್ರದ ಸಾತಾರಾ, ಮತ್ತು ಕಾರವಾರಕ್ಕೆ ಬೇಲಿಯಾಚೆಯ ಗೋವಾದಲ್ಲಿ ಸ್ಕಿಜೋಫ್ರೇನಿಯಾ ಇರುವ 282 ಜನರ ಮೇಲೆ ನಡೆದ ಅಧ್ಯಯನ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಆಸ್ಪತ್ರೆಯ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಬಂದು ಮಾಡುವ ಆರೈಕೆ. ವರ್ಷದ ಕೊನೆಗೆ ಎರಡನೆಯ ಗುಂಪು ಸ್ವಲ್ಪ ಮುಂದಿತ್ತು, ದೊಡ್ಡ ಪವಾಡವೇನೂ ಅಲ್ಲ. ಆ ಲಾಭ ಹೆಚ್ಚಾಗಿ ಕಂಡದ್ದು ಆಸ್ಪತ್ರೆ ಕೈಗೆಟುಕದ ತಮಿಳುನಾಡಿನ ಹಳ್ಳಿಗಳಲ್ಲಿ. ಜೋಯಿಡಾದ ಒಳಹಳ್ಳಿಗಳನ್ನು ಬಲ್ಲವರಿಗೆ ಇದರ ಅರ್ಥ ಹೇಳಬೇಕಿಲ್ಲ. ಶಿವಮೊಗ್ಗದ ತೀರ್ಥಹಳ್ಳಿ ತಾಲ್ಲೂಕಿನಲ್ಲೂ ನಿಮ್ಹಾನ್ಸ್ 2005ರಿಂದ ಇಂಥವರನ್ನು ಊರಲ್ಲೇ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು ಬೆನ್ನುಹತ್ತಿ ನೋಡುವ ಕೆಲಸ ಮಾಡಿದೆ. ನಮ್ಮ ಮಲೆನಾಡಿನಂಥದ್ದೇ ಮಳೆ, ಅಂಥದ್ದೇ ಚದುರಿದ ಮನೆಗಳು.

ಮನೆಯವರ ಬಗ್ಗೆ ಹೇಳುವಾಗ ನಾಲಿಗೆ ಬಿಗಿಹಿಡಿಯಬೇಕು. ಕಾಯಿಲೆಗೆ ಅವರು ಕಾರಣರಲ್ಲ. ಆದರೆ ಇಂಗ್ಲೆಂಡಿನಲ್ಲಿ ಶುರುವಾಗಿ ಹಲವೆಡೆ ನಡೆದ ಸಂಶೋಧನೆಗಳು ಒಂದನ್ನು ಮತ್ತೆಮತ್ತೆ ತೋರಿಸಿವೆ: ಸದಾ ಟೀಕೆ, ಹಗೆಯ ಮಾತು ತುಂಬಿದ ಮನೆಗೆ ಮರಳಿದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ. ಅತಿ ಮುದ್ದೂ ಅದೇ ತಕ್ಕಡಿಯಲ್ಲಿದೆ. ಮೂವತ್ತರ ಮಗನಿಗೆ ತುತ್ತು ಮಾಡಿ ಉಣಿಸುವ ಆಯಿ, ಅವನ ಪರವಾಗಿ ಎಲ್ಲ ಉತ್ತರ ಹೇಳುವ ಅಕ್ಕ, ಇವರ ಪ್ರೀತಿಯೇ ಅವನಿಗೆ ಬೇಲಿ. “ನಿನ್ನಿಂದ ಮನೆ ಮಾನ ಹೋಯ್ತು” ಎನ್ನುವ ಬದಲು “ಇವತ್ತು ಸ್ನಾನ ಆಗಿಲ್ಲ, ಬಿಸಿನೀರು ಇದೆ” ಎಂದರೆ ವಿಷಯ ಅದೇ, ಪೆಟ್ಟು ಇಲ್ಲ. ಹೀಗೆ ಹೇಳುವುದು ಸುಲಭ. ಆರು ವರ್ಷ ಆರೈಕೆ ಮಾಡಿ ಬಸವಳಿದವರಿಗೆ ಮಾತು ಜಾರುತ್ತದೆ. ಆದ್ದರಿಂದ ಆರೈಕೆ ಮಾಡುವವರಿಗೂ ತಿಂಗಳಿಗೆ ಎರಡು ದಿನ ರಜೆ ಬೇಕು. ಚಿಕ್ಕಪ್ಪನ ಮನೆಯವರು ಸಲಹೆ ಕೊಡುವುದನ್ನು ನಿಲ್ಲಿಸಿ ಆ ಎರಡು ದಿನ ಕೊಡಲಿ.

ಸಲಹೆಗಳಲ್ಲಿ ತೀರಾ ಹಳೆಯದು “ಒಂದು ಮದುವೆ ಮಾಡಿಬಿಡಿ, ಸರಿಹೋಗ್ತಾನೆ”. ಹುಡುಗಿ ಸಿಗುವುದೇ ದುಸ್ತರವಾದ ಅಡಿಕೆ ಸೀಮೆಯಲ್ಲೂ ಇದನ್ನು ಹೇಳುವವರಿಗೆ ಬರವಿಲ್ಲ. ಮದುವೆ ಚಿಕಿತ್ಸೆಯಲ್ಲ. ಕಾಯಿಲೆ ಹಿಡಿತದಲ್ಲಿದ್ದು, ಇಬ್ಬರಿಗೂ ಎಲ್ಲ ಗೊತ್ತಿದ್ದು ಆಗುವ ಮದುವೆಯ ಮಾತು ಬೇರೆ. ಇನ್ನು ದೇವರು. ಮಾರಿಕಾಂಬೆಗೆ ಹರಕೆ ಹೊತ್ತುಕೊಂಡವರನ್ನೋ ಮೈಮೇಲೆ ದೇವರು ಬರುವ ಪಾತ್ರಿಯ ಹತ್ತಿರ ನೋಟ ಕೇಳಿದವರನ್ನೋ ಗದರಿದರೆ ಅವರು ಆಸ್ಪತ್ರೆಗೆ ಬರುವುದನ್ನು ಬಿಡುತ್ತಾರೆಯೇ ಹೊರತು ನಂಬಿಕೆಯನ್ನಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. ನನ್ನ ತಕರಾರು ಎರಡಕ್ಕೆ: ಮಾತ್ರೆ ನಿಲ್ಲಿಸು ಎಂದು ಹೇಳುವುದಕ್ಕೆ, ಮತ್ತು ಕಟ್ಟಿಹಾಕುವುದಕ್ಕೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ.

ಅದೇ ಕಾಯ್ದೆ ಸಮುದಾಯದ ನಡುವೆ ಬದುಕುವುದನ್ನು ಹಕ್ಕು ಎಂದು ಬರೆದಿದೆ. ಮನೆಯವರು ಬೇಡವೆಂದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆರಾಮಾಗಿದ್ದಾಗಲೇ “ನನಗೆ ಮುಂದೆ ಹೆಚ್ಚಾದರೆ ಹೀಗೆ ಮಾಡಿ, ಹೀಗೆ ಮಾಡಬೇಡಿ” ಎಂದು ಬರೆದಿಡುವ ಅವಕಾಶವನ್ನೂ ಕೊಟ್ಟಿದೆ. ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಗಳು, ಆಸರೆಯ ವಸತಿಗಳು ಸರ್ಕಾರದ ಹೊಣೆ ಎಂದೂ ಹೇಳಿದೆ. ಕಾಗದದಲ್ಲಿರುವಷ್ಟು ನೆಲದ ಮೇಲಿಲ್ಲ. ಇರುವುದನ್ನಾದರೂ ಬಳಸೋಣ. 2014ರಲ್ಲಿ ರಾಜ್ಯದಲ್ಲಿ ಶುರುವಾದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಆಯಿತು. ಚೇತರಿಸಿಕೊಂಡವರು ಹಗಲು ಹೊತ್ತು ಕಳೆದು ಕೆಲಸ ಕಲಿಯಲು ಮಾನಸಾಧಾರ ಎಂಬ ಕೇಂದ್ರಗಳ ಯೋಜನೆಯಿದೆ. ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳದು.

ಅಂಗವಿಕಲತೆಯ ಪ್ರಮಾಣಪತ್ರವನ್ನು ಮಾತ್ರ ಮನೆಯವರು ಮಾಡಿಸಲು ಹಿಂಜರಿಯುತ್ತಾರೆ, ತಂಗಿಯ ಮದುವೆಗೆ ಅಡ್ಡಿಯಾದೀತೆಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಐಡಿಯಾಸ್ ಎಂಬ ಭಾರತೀಯ ಮಾಪನದಲ್ಲಿ ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು, ಕಾಯಿಲೆಯ ವರ್ಷಗಳನ್ನೂ ಸೇರಿಸಿ ಅಳೆಯುತ್ತಾರೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಾದರೆ ಮಾಸಾಶನ, ಬಸ್ ಪಾಸಿನಂಥ ಸೌಲಭ್ಯಗಳಿಗೆ, ಸರ್ಕಾರಿ ಕೆಲಸದ ಶೇ 4ರ ಮೀಸಲಾತಿಗೆ ಅರ್ಜಿ ಹಾಕಬಹುದು. ಆ ಶೇ 4ರಲ್ಲಿ ಮಾನಸಿಕ ಕಾಯಿಲೆಯವರಿಗೆ ಸಿಗುವುದು, ಇನ್ನೂ ಕೆಲವು ವೈಕಲ್ಯಗಳವರ ಜೊತೆ ಹಂಚಿಕೊಂಡು, ಶೇ 1. ಐಡಿಯಾಸ್ ಅಳೆಯುವ ಆ ನಾಲ್ಕು ವಿಷಯಗಳನ್ನು ಪ್ರಮಾಣಪತ್ರ ಬೇಡದವರೂ ಬರೆದಿಟ್ಟುಕೊಳ್ಳಿ. “ಎಂತದೂ ಮಾಡೋದಿಲ್ಲ” ಎಂಬ ಒಂದೇ ದೂರು ಅದರಿಂದ ನಾಲ್ಕಾಗಿ ಒಡೆಯುತ್ತದೆ. ಆಗ ಕೈಹಾಕಲು ಒಂದು ತುದಿ ಸಿಗುತ್ತದೆ.

ಮುಂದಿನ ಮಂಗಳವಾರ ಶಿರಸಿಯ ಬಸ್ಸು ಹತ್ತುವಾಗ ಹಳೆಯ ಚೀಟಿಗಳ ಕವರು ಆಯಿಯ ಚೀಲದಲ್ಲಿ ಬೇಡ, ಅವನ ಕೈಯಲ್ಲಿರಲಿ. ಟಿಕೆಟ್ಟು ಅವನೇ ತೆಗೆಸಲಿ, ಸುಲಿದು ದುಡಿದ ದುಡ್ಡಿನಲ್ಲಿ. ಡಾಕ್ಟರು “ಹೇಗಿದ್ದೀರಿ?” ಎಂದಾಗ ಆಯಿಯ ಬಾಯಿಗೆ ಆ ಹಳೆಯ ಮಾತು ಬಂದೇ ಬರುತ್ತದೆ. ಸ್ವಲ್ಪ ತಡೆಯಬೇಕು. ಅವನು ಉತ್ತರ ಹೊಂದಿಸಿಕೊಳ್ಳಲು ಅರ್ಧ ನಿಮಿಷ ಹಿಡಿಯಬಹುದು. ಹೊರಗೆ ಎಷ್ಟೇ ಉದ್ದದ ಸಾಲಿದ್ದರೂ ಆ ಅರ್ಧ ನಿಮಿಷ ಅವನದು.